ವೆಂಟಿಲೇಟರ್ ಮೇಲಿರುವ ರೋಗಿಗೆ ಕಫ ಸಕ್ಷನ್ ಮಾಡುವ ವಿಧಾನ

ಎರಡು ಗಂಟೆಗೊಮ್ಮೆ ಸಕ್ಷನ್ (ಕಫವನ್ನು ಯಂತ್ರದಿಂದ ಹೀರಿ ತೆಗೆಯುವುದು) ಮಾಡಲೇಬೇಕೆಂದು ನಾನು ವಿಜಯಪುರದಲ್ಲಿ ಐಸಿಯು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಳಿದುಕೊಂಡಿದ್ದೆ; ಆ ತಿಳಿವಳಿಕೆ ತಪ್ಪು. ರೋಗಿಯ ಎದೆಯನ್ನು ಎರಡು ಗಂಟೆಗೊಮ್ಮೆಯಾದರೂ ಪರೀಕ್ಷಿಸಬೇಕು, ಸಕ್ಷನ್ ಮಾತ್ರ ಅಗತ್ಯ ಕಂಡಾಗಲೇ ಮಾಡಬೇಕು. ಶ್ವಾಸನಾಳಕ್ಕೆ ಹಾಕಿದ ಟ್ಯೂಬಿನಲ್ಲಿ ಕಫ ಕಾಣಿಸುವುದು, ಶ್ವಾಸನಾಳದ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಗೊರಗೊರ ಸದ್ದು ಕೇಳಿಸುವುದು, ಪೀಕ್ ಪ್ರೆಶರ್ (ವೆಂಟಿಲೇಟರ್ ಗಾಳಿ ತಳ್ಳುವಾಗಿನ ಗರಿಷ್ಠ ಒತ್ತಡ) ಏರುವುದು, ಸ್ಯಾಚುರೇಶನ್ (ರಕ್ತದ ಆಮ್ಲಜನಕದ ಮಟ್ಟ) ಇಳಿಯುವುದು, ವೆಂಟಿಲೇಟರ್ ಪರದೆಯ ಮೇಲಿನ ಫ್ಲೋ (ಗಾಳಿಯ ಹರಿವು) ಗೆರೆ ಗರಗಸದ ಹಲ್ಲಿನಂತಾಗುವುದು, ಇವೆಲ್ಲ ಅದರ ಸೂಚನೆಗಳು. ವೆಂಟಿಲೇಟರಿನಿಂದ ರೋಗಿಗೆ ಗಾಳಿ ಒಯ್ಯುವ ಸರ್ಕಿಟ್ ಕೊಳವೆಯಲ್ಲಿ ನೀರು ನಿಂತಾಗಲೂ ಇಂಥದೇ ಗರಗಸ ಮೂಡುವುದರಿಂದ, ಮೊದಲು ಆ ನೀರನ್ನು ರೋಗಿಯ ಕಡೆಗೆ ಹರಿಯದಂತೆ ಬಸಿದು ನೋಡಿ.

ಕಫ ಹೀರಲು ಒಳಬಿಡುವ ತೆಳು ನಳಿಕೆಯಾದ ಕ್ಯಾತಿಟರ್, ಟ್ಯೂಬಿನ ಒಳಅಗಲದ ಅರ್ಧಕ್ಕಿಂತ ದಪ್ಪ ಇರಬಾರದು. ಟ್ಯೂಬಿನ ಸೈಜಿನಿಂದ (ಮಿಲಿಮೀಟರಿನಲ್ಲಿ ಅದರ ಒಳಅಗಲ) 2 ಕಳೆದು, ಉಳಿದದ್ದನ್ನು 2ರಿಂದ ಗುಣಿಸಿದರೆ ಕ್ಯಾತಿಟರಿನ ಸೈಜು ಫ್ರೆಂಚ್ ಎಂಬ ಬೇರೆ ಅಳತೆಯಲ್ಲಿ ಸಿಗುತ್ತದೆ: 8ರ ಟ್ಯೂಬಿಗೆ 12 ಫ್ರೆಂಚ್, 7ರದ್ದಕ್ಕೆ 10. ಸಕ್ಷನ್ ಪೈಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿಯೇ ಒತ್ತಡ ಓದಬೇಕು. ವಯಸ್ಕರಿಗೆ ಅದು 150 ಎಂಎಂ ಮರ್ಕ್ಯುರಿಯೊಳಗೆ ಇರಲಿ.

ರೋಗಿಗೆ ಪ್ರಜ್ಞೆ ಇಲ್ಲವೆಂದು ತೋರಿದರೂ ಏನು ಮಾಡುತ್ತೀರೆಂದು ಅವರಿಗೆ ಹೇಳಿ. ಕೈ ತೊಳೆದು, ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ವೆಂಟಿಲೇಟರಿನಲ್ಲಿ ಶೇಕಡಾ 100ರ ಆಮ್ಲಜನಕವನ್ನು 30ರಿಂದ 60 ಸೆಕೆಂಡು ಕೊಟ್ಟು, ಸ್ಟೆರೈಲ್ ಗ್ಲೌಸ್ ಧರಿಸಿ, ಸಕ್ಷನ್ ಹಚ್ಚದೆಯೇ ಕ್ಯಾತಿಟರನ್ನು ಮೆಲ್ಲಗೆ ಒಳಬಿಡಿ. ಟ್ಯೂಬಿನ ಉದ್ದದಷ್ಟು ಹೋದರೆ ಸಾಕು. ಅದರಾಚೆ ತಳ್ಳಿ ತಡೆ ತಗಲಿದಲ್ಲಿ ಎಳೆದರೆ ಒಳಪದರ ಗಾಯವಾಗಿ, ಮುಂದಿನ ಸಲ ಕಫದಲ್ಲಿ ರಕ್ತದ ಎಳೆ ಕಾಣಿಸುತ್ತದೆ. ಹೊರತೆಗೆಯುವಾಗ ಮಾತ್ರ ಸಕ್ಷನ್ ಹತ್ತುವಂತೆ ಕ್ಯಾತಿಟರಿನ ಹಿಡಿಯ ಬಳಿಯ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ, ಒಳಬಿಟ್ಟು ಹೊರತೆಗೆಯುವ ಇಡೀ ಕೆಲಸವನ್ನು 15 ಸೆಕೆಂಡಿನೊಳಗೆ ಮುಗಿಸಿ. ನಾನು ಆ ಹೊತ್ತು ನನ್ನ ಉಸಿರನ್ನೂ ಹಿಡಿದುಕೊಳ್ಳುತ್ತೇನೆ, ನನಗೆ ಉಸಿರು ಕಟ್ಟುವುದರೊಳಗೆ ರೋಗಿಗೂ ಉಸಿರು ಬೇಕೆಂಬುದು ಇದರಿಂದ ಮರೆಯುವುದಿಲ್ಲ.

ಕಣ್ಣು ಮಾನಿಟರ್ ಮೇಲಿರಲಿ. ಒಳಗೆ ತಾಗಿದ ಕ್ಯಾತಿಟರ್ ಹೃದಯದ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಕೆಣಕಿ ನಾಡಿ ಏಕಾಏಕಿ ಕುಸಿಯಬಹುದು. ಹಾಗಾದರೆ ಕೂಡಲೇ ಕ್ಯಾತಿಟರ್ ಹೊರತೆಗೆದು ಆಮ್ಲಜನಕ ಕೊಟ್ಟು ವೈದ್ಯರನ್ನು ಕರೆಯಿರಿ. ಎಲ್ಲ ಸರಿಯಿದ್ದರೂ ಮುಗಿದ ಮೇಲೆ ಒಂದು ನಿಮಿಷವಾದರೂ ಪೂರ್ಣ ಆಮ್ಲಜನಕ ನಡೆಯಲಿ. ಬಾಯಿಗೆ ಬಳಸಿದ ಕ್ಯಾತಿಟರ್ ಟ್ಯೂಬಿಗೆ ಎಂದಿಗೂ ಹೋಗಬಾರದು.

ಕಫ ಗಟ್ಟಿಯಿದ್ದರೆ ಸಲೈನ್ ಸುರಿಯುವ ರೂಢಿಯನ್ನು ಬಿಡಬೇಕು. ಕಫ ತೆಳುವಾಗಿ ಉಳಿಯಲು ಗಾಳಿಗೆ ತೇವ ಬೇಕು, ಆದ್ದರಿಂದ ಗಾಳಿಗೆ ತೇವ ಕೊಡುವ ಹ್ಯುಮಿಡಿಫಯರಿನ ನೀರು ಮತ್ತು ಫಿಲ್ಟರನ್ನು ನೋಡಿ.

ನಮ್ಮ ಕಡೆ ಬೆಳೆಗೆ ಹೊಡೆಯುವ ಎಣ್ಣಿ (ಕೀಟನಾಶಕ) ದೇಹ ಸೇರಿ ಬರುವವರ ವಿಷಯ ಬೇರೆ. ಅಂಥ ಕೀಟನಾಶಕಗಳ ಒಂದು ಬಗೆಯಾದ ಆರ್ಗನೋಫಾಸ್ಫೇಟ್ ವಿಷದಲ್ಲಿ ನೊರೆನೊರೆಯಾದ ನೀರು ಎದೆಯಲ್ಲಿ ಉಕ್ಕುತ್ತಲೇ ಇರುತ್ತದೆ. "ಸಿಸ್ಟರ್, ಎದಿ ಮತ್ತ ಗೊರಗೊರ ಅನ್ನಾಕತ್ತೈತ್ರಿ" ಎಂದು ಮನೆಯವರು ಹತ್ತು ನಿಮಿಷಕ್ಕೊಮ್ಮೆ ಕರೆದರೆ ಬೇಸರಪಡಬೇಡಿ, ಅವರು ಹೇಳುವುದು ನಿಜ. ಇಲ್ಲಿ ಸಕ್ಷನ್ ಒಂದರಿಂದಲೇ ಎದೆ ಒಣಗುವುದಿಲ್ಲ, ಆ ನೀರನ್ನು ಒಣಗಿಸುವ ಔಷಧಿಯಾದ ಅಟ್ರೋಪಿನ್ ಸಾಲುತ್ತಿಲ್ಲವೆಂದು ವೈದ್ಯರಿಗೆ ತಿಳಿಸಬೇಕು. ಅಟ್ರೋಪಿನ್ ಹೆಚ್ಚಾದಾಗ ಅದೇ ಕಫ ಅಂಟಿನಂತಾಗುತ್ತದೆ. ಆಗ ಕ್ಯಾತಿಟರ್ ಟ್ಯೂಬಿನೊಳಗೇ ತಡೆಯತೊಡಗಿದರೆ ಬಲ ಹಾಕದೆ, ಟ್ಯೂಬ್ ಕಟ್ಟಿಕೊಳ್ಳುತ್ತಿದೆಯೆಂದು ಆ ಕ್ಷಣವೇ ವೈದ್ಯರನ್ನು ಕರೆಯಿರಿ.