ಕಡಲತೀರದ ಉಕ್ಕಿನ ಟ್ಯಾಂಕುಗಳನ್ನು ತುಕ್ಕಿನಿಂದ ಕಾಪಾಡುವ ಬಗೆ

ಕಡಲತೀರದ ಸಂಗ್ರಹಣಾ ಟ್ಯಾಂಕಿಗೆ ಬಳಿದ ಬಣ್ಣ ಎರಡು ಮೂರು ವರ್ಷಗಳಲ್ಲೇ ಗುಳ್ಳೆಯೆದ್ದು ಸುಲಿದುಬಂದರೆ ದೂರು ಸಾಮಾನ್ಯವಾಗಿ ಬಣ್ಣದ ಮೇಲೆಯೇ ಬರುತ್ತದೆ. ಆದರೆ ಬಹಳ ಸಲ ತಪ್ಪು ಇರುವುದು, ಬಳಿಯುವ ಮೊದಲೇ ಉಕ್ಕಿನ ಮೇಲೆ ಉಳಿದುಹೋಗಿದ್ದ, ಕಣ್ಣಿಗೆ ಕಾಣದ ಉಪ್ಪಿನಲ್ಲಿ. ಕಡಲ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ. ಮೊದಲನೆಯದು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75ನ್ನು ದಾಟಿದಾಗ ತೇವ ಹೀರಿ ಕರಗುತ್ತದೆ. ಎರಡನೆಯದಕ್ಕೆ ಸುಮಾರು ಶೇ. 33ರಷ್ಟೇ ಸಾಕು. ಆದ್ದರಿಂದ ಮಳೆಯಿಲ್ಲದ ದಿನಗಳಲ್ಲೂ ಟ್ಯಾಂಕಿನ ಮೈಮೇಲೆ ವಿದ್ಯುತ್ ಹಾಯಬಲ್ಲ ತೆಳುವಾದ ನೀರಿನ ಪದರ ಉಳಿದಿರುತ್ತದೆ, ತುಕ್ಕು ಹಿಡಿಯುವ ಕ್ರಿಯೆ ನಿಲ್ಲದೆ ನಡೆಯುತ್ತದೆ. ಅದೇ ಉಪ್ಪು ಬಣ್ಣದ ಅಡಿಯಲ್ಲಿ ಸಿಕ್ಕಿಕೊಂಡರೆ, ಪದರದ ಮೂಲಕ ನೀರನ್ನು ಒಳಗೆ ಸೆಳೆದು ಗುಳ್ಳೆ ಎಬ್ಬಿಸುತ್ತದೆ.

ಹೀಗಾಗಿ ಕೆಲಸದ ಅನುಕ್ರಮವನ್ನು ತಪ್ಪಿಸಬಾರದು. ಮೊದಲು ಎಣ್ಣೆ, ಜಿಡ್ಡುಗಳನ್ನು ತೆಗೆದು, ಸಿಹಿನೀರಿನಿಂದ ಒತ್ತಡದಲ್ಲಿ ತೊಳೆದು, ಆಮೇಲೆ ಬ್ಲಾಸ್ಟಿಂಗ್, ಅಂದರೆ ಗಟ್ಟಿ ಕಣಗಳನ್ನು ರಭಸದಿಂದ ಹಾಯಿಸಿ ತುಕ್ಕನ್ನೂ ಹಳೆಯ ಬಣ್ಣವನ್ನೂ ಕಿತ್ತುಹಾಕುವ ಕೆಲಸ, ಮಾಡಬೇಕು. ತೊಳೆಯದೆ ಬ್ಲಾಸ್ಟಿಂಗ್ ಮಾಡಿದರೆ ಮೈ ಬೆಳ್ಳಗೆ ಹೊಳೆಯುತ್ತದೆ, ಆದರೆ ತುಕ್ಕಿನ ಕುಳಿಗಳ ತಳದಲ್ಲಿ ಉಪ್ಪು ಹಾಗೆಯೇ ಇರುತ್ತದೆ. ಬ್ಲಾಸ್ಟಿಂಗ್ ಮುಗಿದ ಮೇಲೆ ಬ್ರೆಸ್ಲೆ ಪಟ್ಟಿ (ಒಳಗೆ ನೀರು ಹಾಯಿಸಿ ಮೈಮೇಲಿನ ಉಪ್ಪನ್ನು ಕರಗಿಸಿ ತೆಗೆಯುವ ಪಟ್ಟಿ) ಅಂಟಿಸಿ ಉಪ್ಪಿನ ಪ್ರಮಾಣ ಅಳೆಯಬೇಕು. ಕುಳಿ ಬಿದ್ದ ಜಾಗಗಳಲ್ಲಿ ತಪ್ಪದೆ ಅಳೆಯಬೇಕು. ಕಡಲೊಳಗಿನ ತೈಲ ಸ್ಥಾವರಗಳಿಗಾಗಿ ರೂಪಿಸಿದ ನಾರ್ಸಾಕ್ ಎಂ-501 ಮಾನದಂಡ ಚದರ ಮೀಟರಿಗೆ 20 ಮಿಲಿಗ್ರಾಂ ಮಿತಿಯನ್ನು ಹೇಳುತ್ತದೆ. ತೀರದ ಟ್ಯಾಂಕಿನ ಒಳಮೈಗೂ ಅದನ್ನೇ ಹಿಡಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮಿತಿ ಮೀರಿದ್ದರೆ ಮತ್ತೆ ತೊಳೆದು ಮತ್ತೆ ಬ್ಲಾಸ್ಟಿಂಗ್ ಮಾಡಬೇಕೇ ಹೊರತು ಪ್ರೈಮರ್ (ಮೊದಲ ಪದರದ ಬಣ್ಣ) ಬಳಿದು ಮುಂದುವರಿಯಬಾರದು. ಬ್ಲಾಸ್ಟಿಂಗಿಗೆ ಕಡಲ ಮರಳನ್ನು ಎಂದೂ ಬಳಸಬಾರದು: ಅದರಲ್ಲಿ ಉಪ್ಪಿದೆ, ಮೇಲಾಗಿ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ.

ಬ್ಲಾಸ್ಟಿಂಗ್ ಮಾಡಿದ ಮೇಲ್ಮೈ ಎಸ್‌ಎ 2½ ದರ್ಜೆಗೆ (ಮಸುಕಾದ ಕಲೆಗಳಷ್ಟೇ ಉಳಿಯುವ ಶುಚಿತ್ವದ ದರ್ಜೆ) ಬಂದಿರಬೇಕು, 50ರಿಂದ 75 ಮೈಕ್ರಾನಿನಷ್ಟು ಒರಟಾಗಿರಬೇಕು. ಬಣ್ಣ ಬಳಿಯುವಾಗ ಉಕ್ಕಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕಟ್ಟುವ ಉಷ್ಣತೆ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು, ಆರ್ದ್ರತೆ ಶೇ. 85ರ ಒಳಗಿರಬೇಕು. ತೀರದಲ್ಲಿ ಈ ಎರಡೂ ಒಟ್ಟಿಗೆ ಸಿಗುವ ಹೊತ್ತು ದಿನದಲ್ಲಿ ಕೆಲವೇ ಗಂಟೆಗಳಿರಬಹುದು. ಅಷ್ಟು ಹೊತ್ತಿನಲ್ಲಿ ಬಳಿದು ಮುಗಿಸಬಹುದಾದಷ್ಟನ್ನೇ ಬ್ಲಾಸ್ಟಿಂಗ್ ಮಾಡಬೇಕು.

ಹೊರಮೈಗೆ ಸತುವು ತುಂಬಿದ ಎಪಾಕ್ಸಿ ಪ್ರೈಮರ್, ನಡುವೆ ಎಪಾಕ್ಸಿ, ಮೇಲೆ ಬಿಸಿಲು ತಾಳುವ ಪಾಲಿಯುರೆಥೇನ್ ಎಂಬ ಕ್ರಮ ಬಹುಕಾಲದಿಂದ ರೂಢಿಯಲ್ಲಿದೆ. ಐಎಸ್‌ಒ 12944 ಮಾನದಂಡದ ಸಿ5 ವರ್ಗದ, ಅಂದರೆ ತುಕ್ಕು ಬಹಳ ತೀವ್ರವಾಗಿರುವ ಪರಿಸರದಲ್ಲಿ ಅತಿ ದೀರ್ಘ (25 ವರ್ಷಕ್ಕೂ ಹೆಚ್ಚಿನ) ಬಾಳಿಕೆಗೆ ಒಟ್ಟು ದಪ್ಪ ಸುಮಾರು 320 ಮೈಕ್ರಾನ್ ಇರಬೇಕಾಗುತ್ತದೆ. ಆದರೆ ಬಣ್ಣ ತೆಳುವಾಗುವುದು ಸಮತಟ್ಟಾದ ಮೈಯಲ್ಲಲ್ಲ, ಅಂಚು, ಬೆಸುಗೆ, ಬೋಲ್ಟುಗಳಲ್ಲಿ. ಅಂಚುಗಳನ್ನು ದುಂಡಗೆ ಉಜ್ಜಿ, ಅಲ್ಲೆಲ್ಲ ಸಿಂಪಡಣೆಗೆ ಮುನ್ನ ಕುಂಚದಿಂದ ಒಂದು ಸುತ್ತು ಹೆಚ್ಚುವರಿಯಾಗಿ ಬಳಿಯಬೇಕು. ಗಾಳಿಯ ಒತ್ತಡ ತಾಳಲು ಟ್ಯಾಂಕಿನ ಮೇಲಂಚಿನ ಸುತ್ತ ಕೂರಿಸಿದ ಉಕ್ಕಿನ ಪಟ್ಟಿಯಾದ ವಿಂಡ್ ಗರ್ಡರಿನಲ್ಲಿ ನೀರು ನಿಲ್ಲದಂತೆ ರಂಧ್ರಗಳು ತೆರೆದಿರಬೇಕು.

ಟ್ಯಾಂಕಿನ ತಳ ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಡುವ ಭಾಗ, ಏಕೆಂದರೆ ಅದರ ಅಡಿಮೈಯನ್ನು ಕಟ್ಟಿದ ಮೇಲೆ ಯಾರೂ ನೋಡಲಾರರು. ಅಡಿಪಾಯಕ್ಕೆ ಉಪ್ಪಿಲ್ಲದ, ತೊಳೆದ ಮರಳನ್ನೇ ಹಾಸಬೇಕು. ತಳದ ಫಲಕ ಅಡಿಪಾಯದಿಂದ ಹೊರಚಾಚುವ ಅಂಚಿನ ಸಂದಿಯಲ್ಲಿ ಮಳೆನೀರು ಒಳನುಗ್ಗುತ್ತದೆ. ಅಲ್ಲಿ ಸಿಮೆಂಟ್ ಗಾರೆ ಮೆತ್ತಿದರೆ, ಟ್ಯಾಂಕ್ ತುಂಬಿ ಬರಿದಾಗುವಾಗಿನ ಅಲುಗಾಟಕ್ಕೆ ಅದು ಬಿರುಕುಬಿಟ್ಟು ನೀರನ್ನು ಒಳಗೆ ಹಿಡಿದಿಡುತ್ತದೆ. ಆದ್ದರಿಂದ ಬಾಗುವ ಗುಣದ ಸೀಲಂಟನ್ನೇ ಬಳಸಬೇಕು.

ಅಡಿಮೈಗೆ ಕ್ಯಾಥೋಡಿಕ್ ರಕ್ಷಣೆ ಇರಬೇಕು, ಅಂದರೆ ಮಣ್ಣಿನಲ್ಲಿಟ್ಟ ಆನೋಡುಗಳಿಂದ ಉಕ್ಕಿಗೆ ಸಣ್ಣ ವಿದ್ಯುತ್ ಹಾಯಿಸಿ ತುಕ್ಕು ತಡೆಯುವ ವ್ಯವಸ್ಥೆ. ಉಕ್ಕಿನ ವಿದ್ಯುತ್ ವಿಭವವನ್ನು ತಾಮ್ರ–ತಾಮ್ರದ ಸಲ್ಫೇಟ್ ಆಧಾರ ವಿದ್ಯುದ್ವಾರಕ್ಕೆ (ಅಳತೆಗೆ ಸ್ಥಿರ ಹೋಲಿಕೆ ಕೊಡುವ ಸಾಧನ) ಹೋಲಿಸಿದಾಗ ಮೈನಸ್ 850 ಮಿಲಿವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣ ಮೌಲ್ಯ ಬಂದರೆ ರಕ್ಷಣೆ ಸಾಕೆಂದು ಪರಿಗಣಿಸುತ್ತಾರೆ. ವಿದ್ಯುತ್ ಕಡಿದ ಕ್ಷಣದ ಮೌಲ್ಯವನ್ನೇ ತೆಗೆದುಕೊಳ್ಳಬೇಕು. ಟ್ಯಾಂಕಿನ ಸುತ್ತ ಮಾತ್ರ ಅಳೆದರೆ ನಡುಭಾಗದ ಸ್ಥಿತಿ ತಿಳಿಯದು. ಕಟ್ಟುವಾಗಲೇ ಕೇಂದ್ರದ ಕೆಳಗೆ ಶಾಶ್ವತ ಆಧಾರ ವಿದ್ಯುದ್ವಾರ ಹುಗಿಯುವುದು ಉತ್ತಮ. ಬರಿದಾದ ಟ್ಯಾಂಕಿನ ತಳ ಅಲ್ಲಲ್ಲಿ ಮರಳಿನಿಂದ ಮೇಲೆದ್ದಿರುತ್ತದೆ, ಆ ಜಾಗಕ್ಕೆ ವಿದ್ಯುತ್ ತಲುಪುವುದಿಲ್ಲ; ಆದ್ದರಿಂದ ಟ್ಯಾಂಕ್ ತುಂಬಿದ್ದಾಗಲೇ ಅಳೆಯಬೇಕು. ಸೋರಿಕೆ ತಡೆಯಲು ತಳದಡಿ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ, ಆನೋಡುಗಳು ಹಾಳೆಗೂ ಉಕ್ಕಿಗೂ ನಡುವೆ ಇರಲೇಬೇಕು, ಹೊರಗಿದ್ದರೆ ಹಾಳೆ ವಿದ್ಯುತ್ತನ್ನು ತಡೆಯುತ್ತದೆ.

ತೈಲ ಟ್ಯಾಂಕುಗಳ ಒಳಗೆ ತಳದಲ್ಲಿ ಸೇರುವ ನೀರನ್ನು ನಿಯಮಿತವಾಗಿ ಹೊರಬಿಡಬೇಕು. ತಳಕ್ಕೂ ಗೋಡೆಯ ಕೆಳಭಾಗಕ್ಕೂ ಎಪಾಕ್ಸಿ ಲೇಪನ ಹಾಕಿ, ಸೂಕ್ಷ್ಮ ರಂಧ್ರಗಳಿಲ್ಲವೆಂದು ವಿದ್ಯುತ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಒಳಗೆ ಇಳಿಯುವ ಮುನ್ನ ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿಲ್ಲವೆಂದೂ ಉರಿಯುವ ಅನಿಲವಿಲ್ಲವೆಂದೂ ಅಳೆದು ನೋಡದೆ ಯಾರನ್ನೂ ಬಿಡಬಾರದು.

ಟ್ಯಾಂಕ್ ತಪಾಸಣೆಯ ಅಮೆರಿಕನ್ ಮಾನದಂಡವಾದ ಎಪಿಐ 653 ಪ್ರಕಾರ ಹೊರಗಿನ ವಾಡಿಕೆಯ ನೋಟದ ತಪಾಸಣೆಗಳ ನಡುವಿನ ಅಂತರ ಒಂದು ತಿಂಗಳನ್ನು ಮೀರಬಾರದು, ಅರ್ಹ ಪರೀಕ್ಷಕರ ಹೊರತಪಾಸಣೆ ಹೆಚ್ಚೆಂದರೆ 5 ವರ್ಷಕ್ಕೊಮ್ಮೆ ಆಗಬೇಕು. ತಿಂಗಳ ಸುತ್ತಿನಲ್ಲಿ ಕಡಲಿಗೆ ಮುಖಮಾಡಿದ ಬದಿಯನ್ನೂ, ಮಳೆ ತೊಳೆಯಲಾಗದ ಮರೆಯ ಜಾಗಗಳನ್ನೂ ಮೊದಲು ನೋಡಿ. ಉಪ್ಪು ಕಟ್ಟಿದ್ದರೆ ಸಿಹಿನೀರಿನಿಂದ ತೊಳೆಯಿರಿ, ಬಣ್ಣ ಕಿತ್ತುಹೋದ ಕಡೆ ಕೂಡಲೇ ದುರಸ್ತಿ ಮಾಡಿ. ಆ ದುರಸ್ತಿಯಲ್ಲೂ ಮೊದಲು ತೊಳೆದು, ಉಪ್ಪನ್ನು ಅಳೆದ ಮೇಲೆಯೇ ಕುಂಚ ಕೈಗೆತ್ತಿಕೊಳ್ಳಿ.