ಬೋಳು ಸೇಬಿನ ಗಿಡದಲ್ಲಿ ಕವಲು ಒಡೆಸಿದ ಬಗೆ

ಒಂದು ವರ್ಷದ ಸೇಬಿನ ಸಸಿ ಎಂದರೆ ಹೆಚ್ಚಾಗಿ ಬರೀ ಕೋಲು. ಹಾಗೇ ಬಿಟ್ಟರೆ ತುದಿಯಲ್ಲಿ ಮೂರ್ನಾಲ್ಕು ಕವಲು ಒಡೆದು, ನಡುಭಾಗ ಬೋಳಾಗಿಯೇ ಉಳಿಯುತ್ತದೆ. ತುದಿಯ ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಹಾರ್ಮೋನು ಕೆಳಗಿಳಿಯುತ್ತಾ ಪಕ್ಕದ ಕಣ್ಣುಗಳನ್ನು, ಅಂದರೆ ಕವಲೊಡೆಯಬಲ್ಲ ಮೊಗ್ಗುಗಳನ್ನು, ಮಲಗಿಸಿಡುತ್ತದೆ. ಬೇರಿನಿಂದ ಏರುವ ಇನ್ನೊಂದು ಹಾರ್ಮೋನು, ಸೈಟೊಕೈನಿನ್, ಅವನ್ನು ಎಬ್ಬಿಸಲು ನೋಡುತ್ತದೆ. ಕೆಲವು ನರ್ಸರಿಗಳಲ್ಲಿ ಬೆಂಜೈಲ್ ಅಡೆನಿನ್ ಎಂಬ ಕೃತಕ ಸೈಟೊಕೈನಿನ್ ಸಿಂಪಡಿಸಿ ಕವಲು ಬರಿಸುತ್ತಾರೆ. ಸಾವಯವದಲ್ಲಿ ಅದಕ್ಕೆ ಜಾಗವಿಲ್ಲ. ನನಗೆ ಉಳಿದದ್ದು ಬ್ಲೇಡ್, ದಾರ ಮತ್ತು ಉಗುರು.

ಸಸಿ ನೆಟ್ಟ ಮೇಲೆ, ಚಿಗುರುವ ಮೊದಲೇ, ನೆಲದಿಂದ 75–90 ಸೆಂ.ಮೀ. ಎತ್ತರದಲ್ಲಿ ಗಟ್ಟಿಮುಟ್ಟಾದ ಒಂದು ಕಣ್ಣಿನ ಮೇಲೆ ತಲೆ ಕತ್ತರಿಸುತ್ತೇನೆ. ಇಷ್ಟಕ್ಕೇ ನಿಲ್ಲಿಸಿದರೆ ಕವಲುಗಳೆಲ್ಲ ಕತ್ತರಿಸಿದ ಜಾಗದ ಬುಡದಲ್ಲೇ ಗುಂಪಾಗಿ, ನೆಟ್ಟಗೆ ಏಳುತ್ತವೆ. ಅದಕ್ಕೇ ಮೇಲಿನ ಕಣ್ಣೊಂದನ್ನು ಉಳಿಸಿ, ಅದರ ಕೆಳಗಿನ ಎರಡು ಮೂರನ್ನು ಉಗುರಿನಿಂದ ಕಿತ್ತುಬಿಡುತ್ತೇನೆ. ಇನ್ನೂ ಕೆಳಗಿನ ಕಣ್ಣುಗಳಿಂದ ಬರುವ ಕವಲುಗಳ ಕೋನ ಅಗಲವಾಗಿರುತ್ತದೆ.

ನಾನು ಹೆಚ್ಚು ನಂಬುವುದು ಕಚ್ಚು ಹಾಕುವುದನ್ನು. ಎರಡನೇ ವರ್ಷ, ಮೊಗ್ಗು ಬಿರಿಯಲು ಎರಡರಿಂದ ನಾಲ್ಕು ವಾರ ಇರುವಾಗ, ಕವಲು ಬೇಕಾದ ಕಡೆಯ ಕಣ್ಣಿಗಿಂತ ಸುಮಾರು ಅರ್ಧ ಸೆಂ.ಮೀ. ಮೇಲೆ ಹಾಕ್ಸಾ ಬ್ಲೇಡ್ ಎಳೆಯುತ್ತೇನೆ. ಬ್ಲೇಡಿಗೆ ಗಟ್ಟಿ ಮರ ತಾಗಿದರೆ ಸಾಕು, ಅದಕ್ಕಿಂತ ಆಳ ಬೇಡ. ಕಾಂಡದ ಸುತ್ತಳತೆಯ ಮೂರನೇ ಒಂದು ಭಾಗದಷ್ಟು ಉದ್ದ. ಮೇಲಿಂದ ಬರುವ ಆಕ್ಸಿನ್‌ಗೆ ಅಲ್ಲಿ ಕಟ್ಟೆ ಕಟ್ಟಿದಂತಾಗಿ, ಕೆಳಗಿನ ಕಣ್ಣು ಎಚ್ಚರಗೊಳ್ಳುತ್ತದೆ. ಕಣ್ಣಿನ ಕೆಳಗೆ ಕೊಯ್ದರೆ ಫಲ ತಿರುಗುಮುರುಗು! ಮಳೆಯ ದಿನ ಈ ಕೆಲಸಕ್ಕೆ ಇಳಿಯುವುದಿಲ್ಲ, ಒದ್ದೆ ಗಾಯದಿಂದ ರೋಗ ಒಳಹೊಕ್ಕೀತು. ಗಿಡದಿಂದ ಗಿಡಕ್ಕೆ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸುತ್ತೇನೆ. ಪೆನ್ಸಿಲ್‌ಗಿಂತ ತೆಳ್ಳಗಿನ ಕಾಂಡಕ್ಕೆ ಕಚ್ಚು ಬೇಡ, ಗಾಳಿಗೆ ಅಲ್ಲೇ ಮುರಿಯುತ್ತದೆ. ತುದಿಯ ಒಂದಡಿಗೂ ಬೇಡ, ಅಲ್ಲಿ ಕವಲು ತಾನಾಗಿ ಬರುತ್ತದೆ.

ಬೆಳವಣಿಗೆಯ ಕಾಲದಲ್ಲಿ ಇನ್ನೊಂದು ದಾರಿಯಿದೆ: ಕುಡಿಯ ಸುತ್ತ ಇನ್ನೂ ಬಿಚ್ಚಿಕೊಳ್ಳುತ್ತಿರುವ ಎಳೆ ಎಲೆಗಳನ್ನು ಮಾತ್ರ ಚಿವುಟುವುದು. ಅವೂ ಆಕ್ಸಿನ್ ತಯಾರಿಸುವಂಥವೇ. ಬೆಳೆಯುವ ತುದಿಗೆ ಕೈ ತಾಗಬಾರದು. ಅದೇ ಹೋದರೆ ಕೆಳಗಿನ ಕಣ್ಣೊಂದು ನೆಟ್ಟಗೆದ್ದು ಮತ್ತೆ ಯಜಮಾನಿಕೆ ನಡೆಸುತ್ತದೆ. ವಾರಕ್ಕೊಮ್ಮೆಯಾದರೂ ಮತ್ತೆ ಚಿವುಟಬೇಕು. ಹಿಡಿಯಷ್ಟು ಗಿಡಗಳಿದ್ದವರಿಗೆ ಸರಿ, ತೋಟವಿದ್ದವರಿಗೆ ಬೆನ್ನುನೋವು.

ತಳಿಯ ಗುಣವನ್ನೂ ನೋಡಬೇಕು. ಗಾಲಾ, ಗೋಲ್ಡನ್ ಡೆಲಿಷಿಯಸ್ ಸುಲಭವಾಗಿ ಕವಲೊಡೆಯುತ್ತವೆ. ರೆಡ್ ಡೆಲಿಷಿಯಸ್‌ನ ಗಿಡ್ಡ ಬಗೆಗಳು ಮೊಂಡು, ಕಚ್ಚಿಲ್ಲದೆ ಬಗ್ಗುವುದಿಲ್ಲ. ಯಾವ ತಳಿಯೇ ಇರಲಿ, ಸೊರಗಿದ ಗಿಡಕ್ಕೆ ಎಷ್ಟು ಕಚ್ಚು ಹಾಕಿದರೂ ಗೇಣುದ್ದದ ಕವಲೂ ಬರದು. ಬುಡದ ಸುತ್ತ ಒಂದು ಮೀಟರ್ ಹುಲ್ಲು ಕಿತ್ತು, ಕಾಂಪೋಸ್ಟ್ ಹಾಕಿ ಒಣಹುಲ್ಲು ಹೊದಿಸುತ್ತೇನೆ. ಹೊದಿಕೆ ಕಾಂಡಕ್ಕೆ ತಾಗದಂತೆ ಅಂತರ ಬಿಡುತ್ತೇನೆ. ಮೊದಲೆರಡು ವರ್ಷ ಕಾಯಿಗಳನ್ನು ಕಿತ್ತುಹಾಕುತ್ತೇನೆ, ಮನಸ್ಸು ಒಪ್ಪದಿದ್ದರೂ.

ಬಂದ ಕವಲು ಬೆರಳುದ್ದವಾದಾಗ ಕಾಂಡಕ್ಕೂ ಅದಕ್ಕೂ ನಡುವೆ ಬಟ್ಟೆ ಕ್ಲಿಪ್ ಸಿಕ್ಕಿಸಿದರೆ ಕೋನ ಅಗಲವಾಗುತ್ತದೆ. ಇಕ್ಕಟ್ಟಾದ ಸಂದಿನಲ್ಲಿ ತೊಗಟೆ ಸಿಕ್ಕಿಕೊಂಡು, ಮುಂದೆ ಹಣ್ಣಿನ ಭಾರಕ್ಕೆ ಕವಲು ಸೀಳುತ್ತದೆ. ಉದ್ದ ಬೆಳೆದವನ್ನು ದಾರದಿಂದ, ನೆಟ್ಟಗಿನಿಂದ ಸುಮಾರು 60 ಡಿಗ್ರಿಗೆ ಬಾಗಿಸಿ ಕಟ್ಟುತ್ತೇನೆ. ಅಡ್ಡಕ್ಕಿಂತ ಕೆಳಗೆ ಬಾಗಿಸಿದರೆ ಕವಲಿನ ಬೆನ್ನಮೇಲೆ ನೀರುಚಿಗುರು, ಅಂದರೆ ನೆಟ್ಟಗೆ ನುಗ್ಗುವ ಬೇಡದ ಚಿಗುರು, ಏಳುತ್ತದೆ. ಕಾಂಡದ ಅರ್ಧಕ್ಕಿಂತ ದಪ್ಪಗಾದ ಕವಲನ್ನು ಚಳಿಗಾಲದಲ್ಲಿ ತೆಗೆಯುವಾಗ, ಕೆಳಬದಿಯಲ್ಲಿ ಚಿಕ್ಕ ಓರೆ ತುಂಡು ಉಳಿಸುತ್ತೇನೆ. ಅದರ ಅಡಿಯಿಂದ ತೆಳ್ಳಗಿನ ಹೊಸ ಕವಲು ಬರುತ್ತದೆ.