ಊರಿನ ವಾಟ್ಸ್‌ಆ್ಯಪ್ ಗುಂಪನ್ನು ಊರಿಗೆ ಉಪಯೋಗವಾಗುವಂತೆ ನಡೆಸುವುದು ಹೇಗೆ?

ಸಣ್ಣ ಪಟ್ಟಣಗಳಲ್ಲಿ ಊರ ಹೆಸರಿನ ವಾಟ್ಸ್‌ಆ್ಯಪ್ ಗುಂಪುಗಳು ಹುಟ್ಟಿದಷ್ಟೇ ಬೇಗ ಹಾಳಾಗುವುದನ್ನು ಬಹಳ ಕಂಡಿದ್ದೇನೆ. ಶುಭೋದಯದ ಚಿತ್ರಗಳು, ಪಕ್ಷಗಳ ಜಗಳ ತುಂಬಿಕೊಂಡು, ನಲ್ಲಿಗೆ ನೀರು ಯಾವಾಗ ಬಿಡುತ್ತಾರೆ ಎಂಬ ಸಾಲು ಅವುಗಳಡಿ ಹೂತುಹೋಗುತ್ತದೆ. ಕಾಳಜಿಯಿಂದ ನಡೆಸಿದರೆ ಇದೇ ಗುಂಪು ಕಷ್ಟಕ್ಕೆ ಆಗುವ ನೆರೆಹೊರೆಯಾಗುತ್ತದೆ.

ಮೊದಲು ವ್ಯಾಪ್ತಿ ಗೊತ್ತುಮಾಡಿ. ಒಂದು ಗುಂಪಿಗೆ 1,024 ಜನರನ್ನು ಸೇರಿಸಬಹುದು. ನೀವು ಒಂದು ವಾರ್ಡಿಗೇ ನಿಲ್ಲಿಸಿ. ದಾರಿಯಲ್ಲಿ ಎದುರಾದಾಗ ಮುಖದ ಪರಿಚಯ ಇದ್ದವರ ನಡುವೆ ಮಾತು ಹದ ತಪ್ಪುವುದು ಕಡಿಮೆ. ಕೇಳದೆ ಯಾರನ್ನೂ ಸೇರಿಸಬೇಡಿ, ಲಿಂಕ್ ಕಳುಹಿಸಿ.

ನಾಲ್ವರು ಅಡ್ಮಿನ್‌ಗಳಿರಲಿ, ಇಬ್ಬರಾದರೂ ಮಹಿಳೆಯರಿರಲೇಬೇಕು. ಪಕ್ಷದ ಪದಾಧಿಕಾರಿ ಎಷ್ಟೇ ಒಳ್ಳೆಯವರಾದರೂ ಅಡ್ಮಿನ್ ಆಗುವುದು ಬೇಡ.

ಪ್ರಕಟಣೆಗೆ ಅಡ್ಮಿನ್‌ಗಳು ಮಾತ್ರ ಬರೆಯುವ ಗುಂಪೊಂದು, ಹರಟೆಗೆ ಇನ್ನೊಂದು. ಐದು ನಿಮಿಷದ ಕೆಲಸ. ಇದಕ್ಕಾಗಿ ಜಿಬಿ ವಾಟ್ಸ್‌ಆ್ಯಪ್‌ನಂತಹ ನಕಲಿ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ, ಖಾತೆಯೇ ಬಂದ್ ಆದೀತು. ಲಗ್ನಪತ್ರಿಕೆ ಎಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಕಡತ) ಬಂದರೆ ತೆರೆಯದೆ ಅಳಿಸಿ. ಆ ದಾರಿಯಲ್ಲಿ ಬ್ಯಾಂಕ್ ಖಾತೆ ಖಾಲಿ ಮಾಡಿಸಿಕೊಂಡವರಿದ್ದಾರೆ.

ಎಲ್ಲರೂ ಎಡವುವುದು ಸಹಾಯ ಕೇಳುವ ಸಂದೇಶದಲ್ಲಿ. ‘ತುರ್ತಾಗಿ ಒ ನೆಗೆಟಿವ್ ರಕ್ತ ಬೇಕಾಗಿದೆ, ಎಲ್ಲರಿಗೂ ಶೇರ್ ಮಾಡಿ’ ಎಂದಷ್ಟೇ ಇರುತ್ತದೆ. ದಿನಾಂಕವಿಲ್ಲ, ಆಸ್ಪತ್ರೆಯ ಹೆಸರಿಲ್ಲ. ರೋಗಿ ಗುಣವಾಗಿ ಮನೆಗೆ ಬಂದ ಮೇಲೂ ಅದು ಊರೂರು ಸುತ್ತುತ್ತದೆ. ಕರೆಗಳಿಗೆ ಉತ್ತರಿಸಿ ಸುಸ್ತಾದ ಮನೆಯವರು ಫೋನ್ ಆಫ್ ಮಾಡುತ್ತಾರೆ. ಮುಂದೆ ನಿಜವಾದ ತುರ್ತು ಬಂದಾಗ ಯಾರೂ ಮೇಲೇಳುವುದಿಲ್ಲ. ಆದ್ದರಿಂದ ದಿನಾಂಕ, ಆಸ್ಪತ್ರೆ, ರಕ್ತದ ಗುಂಪು, ಎಷ್ಟು ಯೂನಿಟ್, ಎಷ್ಟು ಗಂಟೆಯೊಳಗೆ, ರೋಗಿಯ ಜೊತೆಗಿರುವವರ ಮೊಬೈಲ್ ಸಂಖ್ಯೆ, ಇವಿಷ್ಟೂ ಇರಬೇಕು. ಅಡ್ಮಿನ್ ಆ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಹಾಕಬೇಕು. ರಕ್ತ ಸಿಕ್ಕ ಕೂಡಲೇ ‘ಸಿಕ್ಕಿದೆ, ಇನ್ನು ಕರೆ ಮಾಡಬೇಡಿ’ ಎಂದು ತಿಳಿಸಿ, ಮೂಲ ಸಂದೇಶವನ್ನು ಎಲ್ಲರಿಗೂ ಅಳಿಸಿಹೋಗುವಂತೆ ತೆಗೆಯಬೇಕು. ಬೇರೆ ಗುಂಪಿಗೆ ಹೋದ ಪ್ರತಿಗಳು ಹಾಗೆ ಅಳಿಯುವುದಿಲ್ಲ. ದಿನಾಂಕಕ್ಕೆ ನಾನು ಪಟ್ಟು ಹಿಡಿಯುವುದು ಅದಕ್ಕೇ.

ದಾನಿಗಳ ಪಟ್ಟಿಯನ್ನು ಗುಂಪಿನಲ್ಲಿ ಹರಿಯಬಿಡಬೇಡಿ. ಅದು ಅಡ್ಮಿನ್ ಬಳಿ ಒಂದು ನೋಟ್‌ಬುಕ್‌ನಲ್ಲಿರಲಿ, ಕೊನೆಯ ಸಲ ರಕ್ತ ಕೊಟ್ಟ ದಿನಾಂಕದ ಸಮೇತ. ಒಮ್ಮೆ ಕೊಟ್ಟರೆ ಪುರುಷರು ಮೂರು ತಿಂಗಳು, ಮಹಿಳೆಯರು ನಾಲ್ಕು ತಿಂಗಳು ಕಾಯಬೇಕು.

ದೂರುಗಳಿಗೂ ಇದೇ ಶಿಸ್ತು ಬೇಕು. ‘ಕರೆಂಟ್ ಇಲ್ಲ’ ಎಂದು ಮೂವತ್ತು ಜನ ಬರೆದರೂ ಲೈನ್‌ಮನ್‌ಗೆ ತಿಳಿಯುವುದಿಲ್ಲ. ಒಬ್ಬರು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಗುಂಪಿನಲ್ಲಿ ಹಾಕಲಿ. ಚರಂಡಿ ಕಟ್ಟಿಕೊಂಡರೆ ಫೋಟೊ ಹಾಕಿ ಸುಮ್ಮನಾಗದೆ ಪುರಸಭೆಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಚಿತ್ರವನ್ನೂ ಹಾಕಿ.

ತಿಂಗಳಿಗೊಮ್ಮೆ ಮೊಬೈಲ್ ಬದಿಗಿಟ್ಟು ಸೇರಿ: ಕೆರೆ ಏರಿಯ ಮುಳ್ಳುಗಂಟಿ ಸವರುವುದು, ಶಾಲೆಗೆ ಸುಣ್ಣ ಬಳಿಯುವುದು, ಯಾವುದಾದರೂ ಸರಿ. ದಿನ ಗೊತ್ತುಮಾಡಲು ಗುಂಪಿನಲ್ಲೇ ಮತ ಹಾಕಿಸಬಹುದು.

ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರೂ ಈ ಊರಿನವರೇ. ಹಾಲಿನ ಡೇರಿ ಮುಂದೆ ಕಪ್ಪು ಹಲಗೆಯೊಂದನ್ನು ತೂಗುಹಾಕಿ, ಆ ದಿನದ ಪ್ರಕಟಣೆಯನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಬೆಳಗಿನ ಹಾಲು ಹಾಕುವ ಹೊತ್ತಿಗೆ ಮುಂಚೆಯೇ ಬರೆದಿರಬೇಕು.